ರೊಟ್ಟಿ ಬಡಿಯುವವಳ ಫೋಟೋ

‘ಸರ, ಈ ಕ್ಯಾಮೆರಾದಾಗ ರೀಲ್ ಯಾವಾಗ ಹಾಕ್ತೀರಿ?’

ಕೇಳಿದವಳು ಶಾಲ್ಮಲಾ. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಯಾವ ವಿದ್ಯೆಗಾದರೂ ಇಷ್ಟು ಅಧ್ಯಾಯ ಇರಬೇಕು, ಇಂಥ ತಿಂಗಳಿಗೆ ಮುಗಿಯಬೇಕು ಎಂದು ನಂಬಿದವಳು. ಜಿನ್ನಪ್ಪ ಮಾಸ್ತರರಲ್ಲಿ ಫೋಟೋ ತೆಗೆಯುವುದನ್ನು ಕಲಿಯಲು ಬಂದು ಏಳು ಭಾನುವಾರಗಳಾಗಿದ್ದವು. ಒಂದು ಅಧ್ಯಾಯವೂ ಮುಗಿದಂತೆ ಕಾಣಲಿಲ್ಲ.

ಮಾಸ್ತರರು ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಕಲಿಸುತ್ತಿದ್ದರು. ಇಬ್ಬರನ್ನು ಕೂಡಿಸಿದರೆ ಒಬ್ಬರ ಕಣ್ಣು ಇನ್ನೊಬ್ಬರ ಕ್ಯಾಮೆರಾದ ಮೇಲೇ ಇರುತ್ತದೆ ಎಂಬುದು ಅವರ ಅನುಭವ. ಮೊದಲ ದಿನ ಶಾಲ್ಮಲಾ ತನ್ನ ಹೊಸ ಕ್ಯಾಮೆರಾ ತಂದಿದ್ದಳು. ಮಾಸ್ತರರು ಅದನ್ನು ಹಿಂದೆ ಮುಂದೆ ತಿರುಗಿಸಿ, ಚಲೋ ಐತಿ ಎಂದು ಹೊಗಳಿ, ಅವಳ ಚೀಲಕ್ಕೇ ವಾಪಸು ಹಾಕಿದರು. ಬಳಿಕ ತಮ್ಮ ಹಳೆಯ ರೀಲಿನ ಕ್ಯಾಮೆರಾ ತೆಗೆದು ಅದರ ಬೆನ್ನು ಬಿಚ್ಚಿ ತೋರಿಸಿದರು. ಏನೂ ಇರಲಿಲ್ಲ. ಅದನ್ನು ಒಳಕೋಣೆಗೆ ಒಯ್ದು, ಒರೆಸಿಕೊಂಡು ಬಂದು, ಅವಳ ಕೊರಳಿಗೆ ಹಾಕಿದರು.

ವಾರಕ್ಕೆ ಮೂವತ್ತಾರು ಸಲ ಒತ್ತಬೇಕು, ಹೆಚ್ಚಿಲ್ಲ. ಬೆನ್ನು ಬಿಚ್ಚಬಾರದು. ಭಾನುವಾರ ತಂದು ಕೊಡಬೇಕು. ಅವರು ಹೇಳಿದ್ದು ಇಷ್ಟೇ. ಪ್ರತಿ ಭಾನುವಾರ ಕ್ಯಾಮೆರಾ ಒಳಗೆ ಹೋಗುತ್ತಿತ್ತು, ಒರೆಸಿಕೊಂಡು ಹೊರಗೆ ಬರುತ್ತಿತ್ತು. ರೀಲಿನ ಕಾಲದ ಮನುಷ್ಯ, ರೀಲು ಹೋದರೂ ಲೆಕ್ಕ ಬಿಟ್ಟಿಲ್ಲ ಎಂದು ಶಾಲ್ಮಲಾ ಒಳಗೊಳಗೇ ನಗುತ್ತಿದ್ದಳು.

ಇವತ್ತು ನಗು ಬರಲಿಲ್ಲ. ಅದಕ್ಕೇ ಕೇಳಿದಳು.

ಮಾಸ್ತರರು ತಿರುಗಿ ಕೇಳಿದರು.

‘ಈ ವಾರ ಯಾರ್‍ಯಾರ ಫೋಟೋ ತಗದಿ, ತಂಗಿ?’

‘ಯಾರದು ಅಂತ ಹೇಳ್ಲಿ ಸರ? ಗೋಡಿ, ನಾಯಿ, ಬಸ್ ಸ್ಟಾಪು. ಹಾಂ, ದುರ್ಗದಬೈಲಿನ ಹೂವಿನಾಕಿ ಒಬ್ಬಾಕಿ ಬೆನ್ನು ಹತ್ತಿದ್ಳು. ಊರ ಮಂದಿ ಫೋಟೋಕ್ಕೆಲ್ಲ ನಾನ ಮಾಲಿ ಕೊಡ್ತೀನಿ ಅಕ್ಕಾರ, ನಂದ ಒಂದು ಫೋಟೋ ಇಲ್ಲ, ಒಂದು ತಗೀರಿ ಅಂದ್ಳು.’

‘ತಗದಿ?’

‘ಒತ್ತಿದೆ. ಒಂದು ಕೈಯಾಗ ಫೋನ್ ಇತ್ತು, ಪ್ರಿನ್ಸಿಪಾಲರು ಮಾತಾಡಾಕತ್ತಿದ್ರು. ಇನ್ನೊಂದು ಕೈಲೆ ಒತ್ತಿದೆ. ಖಾಲಿ ಡಬ್ಬಿ, ನನ್ನ ಗಂಟೇನು ಹೋಗ್ತದ? ಆಕಿಗೂ ಖುಷಿ ಆತು.’

ಮಾಸ್ತರರು ಕ್ಯಾಮೆರಾವನ್ನು ಅವಳ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಇಟ್ಟರು. ಆಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಫೋಟೋದವನಿದ್ದ. ಸುತ್ತಲ ಹಳ್ಳಿಗಳ ಮದುವೆಗಳೆಲ್ಲ ಅವನವೇ. ಮದುವೆ ಎಂದರೆ ರೀಲು ಒಂದು, ಮಂದಿ ಐನೂರು. ಅಕ್ಷತೆ ಬಿಡುವಂತಿಲ್ಲ, ತಾಳಿ ಬಿಡುವಂತಿಲ್ಲ, ಗಂಡಿನ ಸೋದರಮಾವನನ್ನಂತೂ ಬಿಡುವಂತೆಯೇ ಇಲ್ಲ. ಆದರೆ ನಂದೂ ಒಂದು ಎನ್ನುವವರಿಗೆ ಕೊನೆಯಿಲ್ಲ. ಇಲ್ಲ ಎಂದರೆ ಜಗಳ.

ಅದಕ್ಕೆ ಆ ಕಸುಬಿನವರು ಒಂದು ಉಪಾಯ ಇಟ್ಟುಕೊಂಡಿದ್ದರು. ಫ್ಲ್ಯಾಶಿನ ಬೆನ್ನಿಗೆ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಬೆಳಕು ಬರುತ್ತದೆ, ಚಿತ್ರ ಬರುವುದಿಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದು, ಹೆಬ್ಬೆರಳಿನಿಂದ ಆ ಗುಂಡಿ ಒತ್ತಿದರೆ ಕೇಳಿದವರಿಗೆ ಸಮಾಧಾನ, ರೀಲಿಗೆ ಆರಾಮ. ಆಮೇಲೆ ಯಾರಾದರೂ ಅಂಗಡಿಗೆ ಬಂದು ನನ್ನ ಫೋಟೋ ಎಲ್ಲಿ ಎಂದರೆ ಅದಕ್ಕೂ ಮಾತು ತಯಾರಿತ್ತು. ‘ನೀವು ಕಣ್ಣು ಮುಚ್ಚಿಬಿಟ್ರಿ.’ ಕೇಳಿದವರು ತಮ್ಮ ಕಣ್ಣನ್ನೇ ಬೈದುಕೊಂಡು ಹೋಗುತ್ತಿದ್ದರು. ಕ್ಯಾಮೆರಾ ಹಿಡಿಯುವುದಕ್ಕಿಂತ ಮೊದಲು ಅವನು ಕಲಿತದ್ದು ಈ ಮಾತು.

ಒಂದು ಮದುವೆಯಲ್ಲಿ ಅವನು ನೀರು ಕುಡಿಯಲು ಅಡುಗೆಯ ಚಪ್ಪರಕ್ಕೆ ಹೋದ. ಅಲ್ಲಿ ಕೂಲಿಗೆ ಬಂದ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಅವರಲ್ಲಿ ಒಬ್ಬ ಮುದುಕಿ ತಲೆ ಎತ್ತಿ ಕೇಳಿದಳು.

‘ಯಪ್ಪಾ, ನಂದೂ ಒಂದು ಫೋಟೋ ಹೊಡೀತಿ ಏನು? ಹುಟ್ಟಿದಾಗಿಂದ ಒಂದೂ ಇಲ್ಲ.’

ಪಕ್ಕದವಳು ನಕ್ಕಳು. ‘ಏ ಯಮ್ಮಾ, ನಿನಗ್ಯಾಕಬೇ ಫೋಟೋ? ನೋಡಾಕ ವರ ಬರ್ತಾನೇನು?’

‘ಬಂದ್ರ ಬರ್ಲಿ. ನಾಕು ರೊಟ್ಟಿ ಉಣಿಸಿ ಕಳಸ್ತೀನಿ.’

ಮುದುಕಿ ಎದ್ದಳು. ಕೈ ತೊಳೆದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ‘ಎಲ್ಲಿ ನೋಡ್ಲಿ?’ ಎಂದಳು. ‘ನನ್ನ ಕಡೆ’ ಎಂದ ಫೋಟೋದವ. ಹೆಬ್ಬೆರಳಿನಿಂದ ಬೆನ್ನಿನ ಗುಂಡಿ ಒತ್ತಿದ.

ಬೆಳಕು ಬಂತು, ಹೋಯಿತು. ‘ಆತೇನು?’ ಎಂದಳು. ‘ಆತು’ ಎಂದ. ಮುದುಕಿ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಕೆಲವು ತಿಂಗಳು ಕಳೆದವು. ಅವನ ಅಂಗಡಿಗೆ ಒಬ್ಬ ನೇಕಾರ ಬಂದ. ಕಂಕುಳಲ್ಲಿ ಗಾಜು ಹಾಕಿಸಿದ ಒಂದು ಖಾಲಿ ಫೋಟೋ ಕಟ್ಟು ಇತ್ತು.

‘ನಮ್ಮವ್ವ ಹೋದ್ಳ್ರಿ,’ ಎಂದ. ‘ಮನ್ಯಾಗ ಆಕಿದು ಒಂದೂ ಫೋಟೋ ಇಲ್ಲ. ಆದ್ರ ಆಕಿ ಎಲ್ಲಾರ ಮುಂದ ಹೇಳಿ ಇಟ್ಟಾಳ್ರಿ. ಪ್ಯಾಟ್ಯಾಗ ನಂದೊಂದು ಫೋಟೋ ಐತಿ, ನಾ ಹೋದ ಮ್ಯಾಲ ತಂದು ಹಾಕ್ರಿ ಅಂತ. ಗ್ವಾಡಿಗೆ ಮೊಳಿ ಹೊಡದು ಬಂದೀನಿ.’

ಫೋಟೋದವ ಯಾವ ಮದುವೆ ಎಂದು ಕೇಳಿದ. ಯಾರು ಎಂದು ಗೊತ್ತಾಯಿತು. ಅಭ್ಯಾಸದ ಮಾತು ನಾಲಿಗೆಯ ತುದಿಗೆ ಬಂತು. ಅವರು ಕಣ್ಣು ಮುಚ್ಚಿಬಿಟ್ಟಿದ್ರು. ಇಷ್ಟು ಅಂದರೆ ಮುಗಿಯುತ್ತಿತ್ತು.

ಅನ್ನಲು ಆಗಲಿಲ್ಲ. ಮುದುಕಿ ಕಣ್ಣು ಮುಚ್ಚಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂಬುದು ಮಾತ್ರ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ.

‘ತಮ್ಮಾ,’ ಎಂದ, ‘ನಾ ಅವತ್ತು ಫೋಟೋ ತಗೀಲಿಲ್ಲ. ಬರೇ ಬೆಳಕು ಬಿಟ್ಟೆ.’

ನೇಕಾರ ಬೈಯಲಿಲ್ಲ. ಕಟ್ಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದ. ಒಂದೇ ಮಾತು ಕೇಳಿದ.

‘ಹಂಗಾರ ನಮ್ಮವ್ವ ನಿಮಗ ಕಾಣಲೇ ಇಲ್ಲೇನ್ರಿ?’

ಫೋಟೋದವ ಕೂತುಬಿಟ್ಟ. ಕೂತಲ್ಲಿಂದಲೇ ಹೇಳತೊಡಗಿದ. ‘ಎಡಗಿವಿ ಹತ್ರ ಹಿಟ್ಟು ಮೆತ್ತಿತ್ತು. ಮುಖ ಒರಸಿಕೊಂಡ್ರೂ ಅದೊಂದು ಉಳಿದಿತ್ತು. ಎಡಗೈ ಮ್ಯಾಲ ಬಲಗೈ ಇಟ್ಟಿದ್ರು, ಎಡಗೈಗೆ ಸುಟ್ಟ ಕಲಿ ಇತ್ತು, ಅದು ಕಾಣಬಾರದಂತ. ಮುಂದಿನ ಹಲ್ಲು ಒಂದಿರಲಿಲ್ಲ. ಬಾಯಿ ಬಿಗಿ ಹಿಡದು ಕೂತಿದ್ರು. ಬೆಳಕು ಬಿದ್ದ ಕೂಡಲೇ ಅದನ್ನ ಮರತು ನಕ್ಕರು. ಕ್ಯಾಮೆರಾ ನೋಡಲಿಲ್ಲ. ನನ್ನ ನೋಡಿದ್ರು. ನೀ ಉಂಡಿಯೋ ಇಲ್ಲೋ ಅಂತ ಕೇಳಿದಂಗ ನೋಡಿದ್ರು.’

ಅವನು ಹೇಳುತ್ತಾ ಹೋದ. ಬೇರೆ ಫೋಟೋ ತೆಗೆಯುವಾಗ ಅವನ ಕಣ್ಣಿಗೆ ನೂರು ಕೆಲಸ. ಬೆಳಕು ಸಾಕೋ, ದೂರ ಸರಿಯೋ, ಅಂಚಿನಲ್ಲಿ ಯಾರ ಕೈ ಬಂತು. ಆ ಒಂದು ಫೋಟೋದಲ್ಲಿ ಅವನ ಕಣ್ಣಿಗೆ ಯಾವ ಕೆಲಸವೂ ಇರಲಿಲ್ಲ. ಎದುರಿಗಿದ್ದವಳನ್ನು ನೋಡುವುದೊಂದೇ ಉಳಿದಿತ್ತು. ನೋಡಿದ್ದ. ತಾನು ನೋಡಿದ್ದೇನೆ ಎಂದು ಅವನಿಗೇ ತಿಳಿದಿರಲಿಲ್ಲ.

ನೇಕಾರ ಕಣ್ಣು ಮುಚ್ಚಿಕೊಂಡು ಕೇಳಿದ. ‘ಹೌದ್ರಿ, ಹಿಟ್ಟು,’ ಎಂದ. ‘ದಿನಾ ಅಲ್ಲೇ ಮೆತ್ತಿರ್ತಿತ್ತು.’ ಎಲ್ಲ ಮುಗಿದ ಮೇಲೆ ಕಣ್ಣು ತೆರೆದು ಎದ್ದು ನಿಂತ.

‘ಫೋಟೋ ಚಲೋ ಬಂದೈತ್ರಿ,’ ಎಂದ. ಖಾಲಿ ಕಟ್ಟನ್ನೇ ತಗೊಂಡು ಹೋದ. ಹೊಡೆದ ಮೊಳೆಗೆ ಅದನ್ನೇ ಹಾಕಿದ ಎಂದು ಆಮೇಲೆ ಗೊತ್ತಾಯಿತು.

ಮರುವರ್ಷ ಅದೇ ದಿನ ನೇಕಾರ ಮತ್ತೆ ಬಂದ. ಈ ಸಲ ಹೆಂಡತಿ ಮಕ್ಕಳನ್ನೂ ಕರೆತಂದಿದ್ದ. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬಂದು ಸಾಲಾಗಿ ಕೂತರು. ‘ಅವ್ವನ ಫೋಟೋ ತೋರಸ್ರಿ’ ಎಂದ. ಫೋಟೋದವ ಹೇಳಿದ. ಅದರ ಮುಂದಿನ ವರ್ಷವೂ ಹೇಳಿದ. ಹೀಗೆ ಎಷ್ಟೋ ವರ್ಷ. ಅಂಗಡಿಯಲ್ಲಿದ್ದ ಚಿತ್ರಗಳು ಹಳದಿಯಾದವು, ಅಂಚು ಮುದುರಿದವು, ಕೆಲವಕ್ಕೆ ಗೆದ್ದಲು ಹತ್ತಿತು. ಈ ಚಿತ್ರದಲ್ಲಿ ಒಂದು ಕೂದಲೂ ಅಲುಗಲಿಲ್ಲ.

ಒಂದು ವರ್ಷ ಅವನು ಬಾಯಿ ತೆರೆಯುವ ಮೊದಲೇ, ಅಜ್ಜಿ ಸತ್ತ ಎಷ್ಟೋ ವರ್ಷಕ್ಕೆ ಹುಟ್ಟಿದ ಒಂದು ಕೂಸು ತನ್ನ ಎಡಗಿವಿ ಮುಟ್ಟಿಕೊಂಡು ‘ಆಯಿಗೆ ಇಲ್ಲಿ ಹಿಟ್ಟು ಹತ್ತೇತಿ’ ಎಂದಿತು.

ಆ ದಿನ ಫೋಟೋದವ ಅಂಗಡಿಯ ಬಾಗಿಲು ಹಾಕಿಕೊಂಡು ತಾನು ತೆಗೆದ ಚಿತ್ರಗಳನ್ನೆಲ್ಲ ಹರವಿಕೊಂಡು ಕೂತ. ಮದುಮಕ್ಕಳು, ಬೀಗರು, ಸೋದರಮಾವಂದಿರು. ಎಲ್ಲರೂ ಅಚ್ಚುಕಟ್ಟಾಗಿ ಬಂದಿದ್ದರು. ಅಷ್ಟು ಜನರಲ್ಲಿ ಅವನಿಗೆ ಗುರುತು ಹತ್ತಿದ ಮುಖ ಒಂದೂ ಇರಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿದರು.

ಆ ಫೋಟೋದವ ಯಾರು ಎಂದು ಕೇಳುವಷ್ಟು ದಡ್ಡಿ ಶಾಲ್ಮಲಾ ಅಲ್ಲ. ನೇಕಾರನ ಗೋಡೆಯ ಮೇಲಿನ ಖಾಲಿ ಕಟ್ಟು ಅವಳ ಕಣ್ಣ ಮುಂದೆ ಇತ್ತು. ಅಂಗಡಿಯಲ್ಲಿ ಸಾಲಾಗಿ ಕೂತ ಮಕ್ಕಳು ಇದ್ದರು. ಆದರೂ ಗಣಿತದವಳು. ಪ್ರಮೇಯ ಮುಂದಿಟ್ಟರೆ ಸಾಧಿಸದೆ ಬಿಡಲಾರಳು.

‘ತಿಳೀತು ಸರ,’ ಎಂದಳು. ‘ಕ್ಯಾಮೆರಾ ಖಾಲಿ ಇದ್ರ ಕಣ್ಣು ತುಂಬತದ. ಅದಕ್ಕ ನೀವು ನನಗೂ ಖಾಲಿ ಕ್ಯಾಮೆರಾ ಕೊಟ್ರಿ. ಹೌದಲ್ಲ?’

‘ಆ ಹೂವಿನಾಕಿ ಮುಖ ಹೆಂಗಿತ್ತು?’ ಎಂದರು ಮಾಸ್ತರರು.

ಶಾಲ್ಮಲಾ ನೆನಪಿಸಿಕೊಳ್ಳಲು ನೋಡಿದಳು. ಮಲ್ಲಿಗೆ ನೆನಪಾಯಿತು. ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ನೆನಪಾಯಿತು. ಅಕ್ಕಾರ ಎಂದು ಕರೆದ ದನಿ ನೆನಪಾಯಿತು. ಪ್ರಿನ್ಸಿಪಾಲರು ಫೋನಿನಲ್ಲಿ ಹೇಳಿದ್ದು ಅಕ್ಷರ ಬಿಡದೆ ನೆನಪಾಯಿತು.

‘ತಪ್ಪಾತು ಸರ,’ ಎಂದಳು. ‘ಖಾಲಿ ಅಂತ ನೋಡಲಿಲ್ಲ. ನಾಳೆ ರೀಲ್ ಹಾಕಿ ಕೊಡ್ರಿ, ಆಕಿದು ಖರೇನ ಒಂದು ತಗೀತೀನಿ.’

ಮಾಸ್ತರರು ಮೇಜಿನ ಮೇಲಿದ್ದ ಕ್ಯಾಮೆರಾವನ್ನು ಒಳಕೋಣೆಗೆ ಒಯ್ಯಲು ಎತ್ತಿಕೊಂಡರು.

‘ಬರೇ ಒರಸಾಕ ಒಳಗ ಒಯ್ತಿದ್ದಿಲ್ಲ, ತಂಗಿ. ರೀಲು ಮೊದಲನೇ ದಿನದಿಂದ ಐತಿ.’