ಕಲ್ಲಿನ ಬಾಗಿಲಿನ ಮುಂದೆ

“ಊದು, ನಡೆಯುತ್ತದೆ.”

ಟಿ.ವಿ. ಗೇಮಿನ ಕ್ಯಾಸೆಟ್ಟು ಕೈಕೊಟ್ಟಾಗಲೆಲ್ಲ ಪಶುಪತಿಯ ಅಣ್ಣ ಹೇಳುತ್ತಿದ್ದ ಮಾತು ಅದು. ಬಾಲ್ಯದುದ್ದಕ್ಕೂ ಪಶುಪತಿ ಅದನ್ನು ನಂಬಿದ್ದನು. ಮೂವತ್ತೆರಡನೆಯ ವಯಸ್ಸಿನಲ್ಲಿ, ಹೊಳೆಯ ದಡದ ಆಶ್ರಮದಲ್ಲಿ, ಅದೇ ಕ್ಯಾಸೆಟ್ಟನ್ನು ಅಂಗೈಯಲ್ಲಿ ಹಿಡಿದು ಅವನು ಕೇಳಿದನು:

“ಗುರುಗಳೇ, ಆ ಮಾತು ನಿಜವೇ?”

ಮಲ್ಲಿನಾಥ ಗುರುಗಳು ಪೂರ್ವಾಶ್ರಮದಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಿದ್ದವರು.

“ಊದಿದಾಗ ನಡೆಯುತ್ತಿತ್ತೇ?”

“ನಡೆಯುತ್ತಿತ್ತು.”

“ಊದದೆ, ಬರಿದೇ ತೆಗೆದು ಮತ್ತೆ ಹಾಕಿ ನೋಡಿದ್ದೆಯಾ?”

“ಇಲ್ಲ.”

“ಹಾಗಾದರೆ ನಡೆಸಿದ್ದು ಉಸಿರೋ, ಮತ್ತೆ ಹಾಕಿದ ಕೈಯೋ, ನಿನಗೆ ತಿಳಿಯದು.”

ಗುರುಗಳು ಹತ್ತಿಯನ್ನೂ ಸ್ಪಿರಿಟ್ಟಿನ ಸೀಸೆಯನ್ನೂ ಮುಂದಿಟ್ಟರು. “ಉಸಿರಿನಲ್ಲಿ ತೇವವಿರುತ್ತದೆ. ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಒರೆಸು.”

ಪಶುಪತಿ ಒರೆಸಿದನು. ಆಟ ಆರಂಭವಾಯಿತು.

ಅವನು ಆಶ್ರಮಕ್ಕೆ ಬಂದದ್ದು ಒಂದೇ ಬೇಡಿಕೆಯೊಡನೆ. ಹೊಳೆಯ ಆಚೆ ದಡದಲ್ಲಿ ಹಂಚಿನ ಕುಟೀರವೊಂದಿತ್ತು. ಹಿಂದೆ ಗುರುಗಳು ಹದಿನಾಲ್ಕು ವರ್ಷ ಅಲ್ಲಿ ಒಬ್ಬರೇ ಇದ್ದರು. ಈಗ ಅದಕ್ಕೆ ಬೀಗ ಬಿದ್ದಿತ್ತು. ಉಳಿದ ಆಯುಷ್ಯವನ್ನು ಅಲ್ಲಿ, ಯಾರ ಮುಖವನ್ನೂ ನೋಡದೆ ಕಳೆಯಲು ಪಶುಪತಿ ಅನುಮತಿ ಬೇಡಿದ್ದನು.

“ಬಿಟ್ಟು ಹೋಗಲಾರದ್ದು ಏನಾದರೂ ಉಂಟೇ?” ಎಂದು ಗುರುಗಳು ಕೇಳಿದ್ದರು.

ಅವನು ಚೀಲದಿಂದ ಟಿ.ವಿ. ಗೇಮಿನ ಯಂತ್ರವನ್ನು ತೆಗೆದಿಟ್ಟಿದ್ದನು. “ಈ ಆಟವೊಂದು. ಹನ್ನೆರಡನೆಯ ವಯಸ್ಸಿನಿಂದ ಆಡುತ್ತಿದ್ದೇನೆ. ಮುಗಿಸಲಾಗಲಿಲ್ಲ.”

“ಮುಗಿಸು. ಮುಗಿದ ದಿನ ಕೀಲಿ ಕೊಡುತ್ತೇನೆ.”

ಉಗ್ರಾಣದ ಮೂಲೆಯಲ್ಲಿದ್ದ ಹಳೆಯ ಟಿ.ವಿ.ಯ ಮುಂದೆ ಅವನು ದಿನವೂ ಕುಳಿತನು. ಆಟದೊಳಗೆ ಒಬ್ಬ ಪಥಿಕನಿದ್ದನು. ಕಾಡು, ಕೋಟೆ, ಸುರಂಗಗಳನ್ನು ದಾಟಿ ಅವನು ಕಲ್ಲಿನ ಬಾಗಿಲೊಂದಕ್ಕೆ ಬರುತ್ತಿದ್ದನು. ಅಷ್ಟಕ್ಕೇ ನಾಲ್ಕು ಗಂಟೆ ಹಿಡಿಯುತ್ತಿತ್ತು. ಬಾಗಿಲ ಮೇಲೆ ಪರದೇಶದ ಲಿಪಿಯಲ್ಲಿ ಏನೋ ಬರೆದಿತ್ತು. ಬಾಗಿಲು ತೆರೆಯುತ್ತಿರಲಿಲ್ಲ. ಯಂತ್ರವನ್ನು ಆರಿಸಿದರೆ ನಡೆದ ದಾರಿಯೆಲ್ಲ ಅಳಿಸಿಹೋಗಿ, ಮರುದಿನ ಮತ್ತೆ ಕಾಡಿನಿಂದಲೇ ಹೊರಡಬೇಕಾಗುತ್ತಿತ್ತು.

ನಲವತ್ತು ದಿನ ಹೀಗೆ ಕಳೆಯಿತು.

ಪಂಕ್ತಿಯ ಊಟಕ್ಕೆ ಅವನು ಬರುವುದಿಲ್ಲವೆಂದು ಅಡುಗೆಯ ತುಂಗಕ್ಕ ತಟ್ಟೆಯನ್ನು ಉಗ್ರಾಣಕ್ಕೇ ತಂದಿಡುತ್ತಿದ್ದಳು.

“ನಿನ್ನ ಆ ಬೊಂಬೆಗೆ ಹಸಿವೇ ಆಗೋದಿಲ್ವೇನಪ್ಪಾ?”

“ಅದಕ್ಕೆ ಹೊಟ್ಟೆಯಿಲ್ಲ, ತುಂಗಕ್ಕ.”

“ನಿನಗಿದೆಯಲ್ಲ! ಆರಿದ ಸಾರು ಉಣ್ಣೋದೂ ಒಂದು ತಪಸ್ಸೇನೋ, ನನಗೇನು ಗೊತ್ತು.”

ನಲವತ್ತೊಂದನೆಯ ದಿನ ಬೆಳಿಗ್ಗೆ ಗುರುಗಳು ಉಗ್ರಾಣಕ್ಕೆ ಬಂದರು.

“ಎಲ್ಲವನ್ನೂ ಪರೀಕ್ಷಿಸಿದೆಯಾ?”

“ಎಲ್ಲವನ್ನೂ, ಗುರುಗಳೇ. ಪಿನ್ನುಗಳನ್ನು ನೇರಮಾಡಿದೆ, ಅಡಾಪ್ಟರ್ ಬದಲಿಸಿದೆ. ದೋಷ ಕ್ಯಾಸೆಟ್ಟಿನ ಒಳಗೇ ಇರಬೇಕು.”

ಗುರುಗಳು ಚೀಲದೊಳಗೆ ಕೈಹಾಕಿದರು. ತಂತಿ ಸುತ್ತಿದ ಇನ್ನೊಂದು ಜಾಯ್‌ಸ್ಟಿಕ್ ಹೊರಬಂತು.

“ಇದು?”

“ಎರಡನೆಯ ಆಟಗಾರನಿಗಾಗಿ ಇರುವುದು. ತಂತಿ ತುಂಡಾಗಿದೆ. ನಾನು ಒಬ್ಬನೇ ಆಡುವವನು, ಬೇಕಾಗಲಿಲ್ಲ.”

“ಮೊದಲು ಯಾರು ಹಿಡಿಯುತ್ತಿದ್ದರು?”

“ಅಣ್ಣ. ಅವನಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಆದರೂ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದ. ಆಗ ನಾವು ಈ ಬಾಗಿಲಿನವರೆಗೆ ತಲುಪಿರಲಿಲ್ಲ.” ಪಶುಪತಿ ತಲೆ ತಗ್ಗಿಸಿದನು. “ನಮ್ಮ ನಡುವೆ ಮಾತು ನಿಂತು ಒಂಬತ್ತು ವರ್ಷವಾಯಿತು.”

ಗುರುಗಳು ಜಾಯ್‌ಸ್ಟಿಕ್ಕನ್ನು ಬಿಚ್ಚಿ, ಒಳಗೆ ನೋಡಿ, ತುಂಡಾದ ತಂತಿಗೆ ಬೆಸುಗೆ ಹಾಕಿದರು. ಯಂತ್ರಕ್ಕೆ ಸಿಕ್ಕಿಸಿ, ತಂತಿಯನ್ನು ಉದ್ದಕ್ಕೆ ಬಿಟ್ಟು, ಜಾಯ್‌ಸ್ಟಿಕ್ಕನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದರು.

ಮಧ್ಯಾಹ್ನ ಪಥಿಕನು ಮತ್ತೆ ಕಲ್ಲಿನ ಬಾಗಿಲಿಗೆ ಬಂದು ನಿಂತನು. ಪಶುಪತಿ ಎಲ್ಲ ಗುಂಡಿಗಳನ್ನೂ ಒತ್ತಿದನು. ಏನೂ ಆಗಲಿಲ್ಲ. ಅವನು ಕೈಚೆಲ್ಲಿ ಕುಳಿತನು.

“ಏ ಪಶುಪತೀ! ಇವತ್ತಾದರೂ ಎದ್ದು ಬಾರೋ ಊಟಕ್ಕೆ!”

ಹೊಸ್ತಿಲಲ್ಲಿ ನಿಂತು ತುಂಗಕ್ಕ ಕೂಗಿದಳು.

ಪರದೆಯ ಮೇಲೆ ಕಲ್ಲಿನ ಬಾಗಿಲು ನಡುಗಿ, ಎರಡಾಗಿ, ತೆರೆದುಕೊಂಡಿತು.

“ಅಯ್ಯೋ, ನಾನೇನು ಮಾಡಿದೆ? ಕೆಟ್ಟುಹೋಯ್ತಾ?”

ಪಶುಪತಿ ಹೊಸ್ತಿಲಿಗೆ ಓಡಿದನು. ಎರಡನೆಯ ಜಾಯ್‌ಸ್ಟಿಕ್ಕಿನ ಮೈಮೇಲೆ ಸಣ್ಣ ಸಣ್ಣ ತೂತುಗಳಿದ್ದವು. ಬಾಲ್ಯದಲ್ಲಿ ಅವನು ಅವನ್ನು ಗಾಳಿಯಾಡಲು ಇಟ್ಟ ತೂತುಗಳೆಂದು ತಿಳಿದಿದ್ದನು.

ಗುರುಗಳು ಅಂಗಳದಲ್ಲಿ ಕೈ ತೊಳೆಯುತ್ತಿದ್ದರು.

“ಇದರೊಳಗೆ ಮೈಕು ಇದೆ, ಗುರುಗಳೇ! ನೀವು ಬೆಳಿಗ್ಗೆಯೇ ಕಂಡಿರಿ. ಏಕೆ ಹೇಳಲಿಲ್ಲ?”

“ಹೇಳಿದ್ದರೆ ನೀನೇ ಕೂಗಿಕೊಳ್ಳುತ್ತಿದ್ದೆ.”

ಗುರುಗಳು ಸೊಂಟದಿಂದ ಕುಟೀರದ ಕೀಲಿಯನ್ನು ಬಿಡಿಸಿ ಅವನ ಕೈಯಲ್ಲಿಟ್ಟರು. “ಬಾಗಿಲಿನಾಚೆ ಎಷ್ಟು ಉಳಿದಿದೆ?”

“ಕೆಲವು ಮೆಟ್ಟಿಲುಗಳು. ತುದಿಯಲ್ಲಿ ಒಂದು ದೀಪ.”

“ಹಾಗಾದರೆ ಹತ್ತಿ ಮುಗಿಸು. ಸಂಜೆಯ ದೋಣಿ ಸಿಕ್ಕುತ್ತದೆ.”

ಪಶುಪತಿ ಕದಲಲಿಲ್ಲ.

“ಗುರುಗಳೇ, ಆ ಹದಿನಾಲ್ಕು ವರ್ಷಗಳಲ್ಲಿ ನಿಮಗೆ ದೊರೆತದ್ದೇನು?”

“ಮೌನ.”

“ಅದು ಸಾಕಾಯಿತೇ?”

ಗುರುಗಳು ಹೊಳೆಯ ಕಡೆ ನೋಡಿದರು.

“ಕೊನೆಯ ವರ್ಷ ಒಂದು ದಿನ ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಕೂಗಿದೆ.”

“ಆಮೇಲೆ?”

“ಯಾರು ಕರೆದರೆಂದು ತಿರುಗಿ ನೋಡಿದೆ.”

ಪಶುಪತಿ ಉಗ್ರಾಣಕ್ಕೆ ಹಿಂದಿರುಗಿದನು. ತೆರೆದ ಬಾಗಿಲಿನ ಮುಂದೆ ಪಥಿಕನು ಕಾಯುತ್ತಿದ್ದನು. ಮೆಟ್ಟಿಲುಗಳು ಏಳೇ ಇದ್ದವು. ಅವನು ಅವುಗಳನ್ನು ಬಹಳ ಹೊತ್ತು ನೋಡಿದನು.

ಅನಂತರ ಯಂತ್ರವನ್ನು ಆರಿಸಿದನು.

ಪಂಕ್ತಿಯಲ್ಲಿ ಒಂಬತ್ತು ಜನರಿದ್ದರು. ಪಶುಪತಿ ಬಂದು ಗುರುಗಳ ಎಲೆಯ ಪಕ್ಕದಲ್ಲಿ ಕೀಲಿಯನ್ನು ಇಟ್ಟನು.

“ಆಟ ಮುಗಿಯಿತೇ?”

“ಇಲ್ಲ, ಗುರುಗಳೇ.”

ತುಂಗಕ್ಕ ಹತ್ತನೆಯ ಎಲೆ ಹಾಸಿದಳು. “ಬಿಸಿ ಇದೆ, ನೋಡಿಕೊಂಡು ಉಣ್ಣು. ನಿನಗೆ ಅಭ್ಯಾಸ ತಪ್ಪಿದೆ.”

ಎಲ್ಲರೂ ನಕ್ಕರು. ಪಶುಪತಿ ಬಿಸಿ ಸಾರನ್ನು ಅನ್ನಕ್ಕೆ ಕಲಸಿಕೊಂಡನು.

ನಗು ನಿಲ್ಲುವವರೆಗೆ ಕಾದು ಗುರುಗಳು ಹೇಳಿದರು:

“ಎಲ್ಲರೂ ಕೇಳಿ. ನಾಳೆ ಬೆಳಿಗ್ಗೆ ಹೊಳೆ ದಾಟಿ ಹೋಗಿ ಆ ಕುಟೀರವನ್ನು ಬಿಚ್ಚೋಣ. ಹಂಚುಗಳನ್ನು ಜೋಪಾನವಾಗಿ ಇಳಿಸಿ. ತುಂಗಕ್ಕನ ಅಡುಗೆಮನೆ ಸೋರುತ್ತಿದೆ.”