ವಕೀಲರ ಮುಖ

“ಗುರುಗಳೇ, ಕಲಿಸಿದವನು ಕಲಿತವರಿಂದ ಎಷ್ಟು ದೂರ ಕೂರಬೇಕು?” ಎಂದು ಮರುಳಸಿದ್ಧ ಕೇಳಿದ.

ಗುರುಗಳು ಜಗಲಿಯ ಮೇಲೆ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಇದೆಂಥ ಪ್ರಶ್ನೆ, ಬಿಡಿಸಿ ಹೇಳು ಎಂದರು.

ಮರುಳಸಿದ್ಧ ಪಶುವೈದ್ಯ. ಅವನ ತಾಲ್ಲೂಕಿನ ಸಂಘವೊಂದು, ಮುಂದೆ ಊರಿನ ಜವಾಬ್ದಾರಿ ಹೊರಬಲ್ಲ ಹುಡುಗ ಹುಡುಗಿಯರನ್ನು ಆರಿಸಿ, ಒಬ್ಬೊಬ್ಬರನ್ನು ಒಬ್ಬ ಡಾಕ್ಟರಿಗೋ ಎಂಜಿನಿಯರಿಗೋ ಒಪ್ಪಿಸಿ ತಯಾರು ಮಾಡಿಸುತ್ತಿತ್ತು. ಇವನ ಪಾಲಿಗೆ ಬಂದವಳು ಸೌಭಾಗ್ಯ ಎಂಬ ಹುಡುಗಿ. ಮರುದಿನ ಅವಳು ತನ್ನ ಕೇರಿಯ ಸಭೆಯನ್ನು ಮೊದಲ ಸಲ ನಡೆಸಬೇಕಿತ್ತು. ಅಂಗನವಾಡಿಯನ್ನು ಎಲ್ಲಿ ಕಟ್ಟುವುದು ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ತಾನು ಹೋದರೆ ಅವಳು ಸ್ವಂತ ಕಾಲ ಮೇಲೆ ನಿಲ್ಲುವುದಿಲ್ಲ. ಹೋಗದೆ ಇದ್ದು, ಅವಳೇನಾದರೂ ತಡವರಿಸಿದರೆ, ಆ ಕೇರಿಯವರು ಇನ್ನೊಬ್ಬ ಹೆಣ್ಣುಮಗಳನ್ನು ಆ ಕುರ್ಚಿಯಲ್ಲಿ ಕೂರಿಸುವುದಿಲ್ಲ. ಸಂಘದಲ್ಲಿ ಅರ್ಧ ಜನ ಹೋಗಿ ಎನ್ನುತ್ತಾರೆ, ಇನ್ನರ್ಧ ಜನ ಖಂಡಿತ ಹೋಗಬೇಡಿ ಎನ್ನುತ್ತಾರೆ. ಎರಡೂ ಸರಿ ಅನ್ನಿಸಿ ತಲೆ ಕೆಟ್ಟುಹೋಗಿದೆ ಎಂದ.

ಗುರುಗಳು ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು ಕತೆ ಶುರುಮಾಡಿದರು.

ಒಂದು ಊರಿತ್ತು. ಅಲ್ಲಿನ ಹಿರಿಯರಿಗೆ ವಯಸ್ಸಾಗುತ್ತಿತ್ತು. ನಾವು ಹೋದ ಮೇಲೆ ಸಭೆ ನಡೆಸುವವರು ಯಾರು ಎಂಬ ಚಿಂತೆ ಹತ್ತಿತು. ಓದಿ ಕೆಲಸದಲ್ಲಿರುವವರು ಒಬ್ಬೊಬ್ಬ ತರುಣನನ್ನು ಕೈಗೆ ತೆಗೆದುಕೊಂಡು ತಿದ್ದಬೇಕೆಂದು ಗೊತ್ತುಮಾಡಿದರು. ಜೊತೆಗೆ ಒಂದು ನಿಯಮವನ್ನೂ ಮಾಡಿದರು. ತಿದ್ದಿದವರು ಸಭೆಗೆ ಬರಬಹುದು, ಮುಂದಿನ ಸಾಲಿನಲ್ಲಿ ಕೂರಬಹುದು, ಆದರೆ ಬಾಯಿ ಬಿಡಕೂಡದು. ಬಾಯಿ ಬಿಟ್ಟರೆ ತರುಣ ಕಲಿಯುವುದಿಲ್ಲ ಎಂದು ಅವರ ಲೆಕ್ಕ. ನಿನ್ನ ಸಂಘದವರಷ್ಟೇ ಬುದ್ಧಿವಂತರು ಎಂದಿಟ್ಟುಕೋ.

ಆ ಊರಿನಲ್ಲಿ ಒಬ್ಬ ವಕೀಲರಿದ್ದರು. ಒಳ್ಳೆಯ ಮನುಷ್ಯ, ನಿಯಮ ಎಂದರೆ ನಿಯಮ. ಅವರ ಹತ್ತಿರ ಬಂದ ತರುಣನೂ ಒಳ್ಳೆಯವನೇ. ದಿನಾ ಸಂಜೆ ಮನೆಗೆ ಕರೆಸಿಕೊಂಡು, ಎರಡೂ ಕಡೆಯವರ ಮಾತು ಕೇಳು, ತಗಾದೆಯ ಜಾಗಕ್ಕೆ ನೀನೇ ಹೋಗಿ ನೋಡು, ಆಮೇಲೆ ನಿನಗೆ ಸರಿ ಕಂಡದ್ದನ್ನು ಹೇಳು ಎಂದು ಕಲಿಸಿದರು. ತರುಣ ಎಲ್ಲವನ್ನೂ ಕಲಿತ. ಕೊನೆಯದೊಂದನ್ನು ಬಿಟ್ಟು.

ಮೊದಲ ಸಭೆಯಲ್ಲಿ ಬೀದಿದೀಪದ ಮಾತು ಬಂತು. ಆಗಲಿ ಎನ್ನಬೇಕೋ ಬೇಡ ಎನ್ನಬೇಕೋ ತರುಣನಿಗೆ ತಿಳಿಯಲಿಲ್ಲ. ವಕೀಲರ ಕಡೆ ನೋಡಿದ. ವಕೀಲರು ತುಟಿ ಬಿಗಿದುಕೊಂಡೇ ಇದ್ದರು, ಆದರೆ ಮುಖ ಸ್ವಲ್ಪ ಅರಳಿತು. ತರುಣ ಆಗಲಿ ಎಂದ. ಅದು ಸರಿಯಾಗಿತ್ತು. ಮುಂದಿನ ಸಭೆಯಲ್ಲಿ ಮತ್ತೊಂದು ಮಾತು ಬಂತು. ವಕೀಲರ ಹುಬ್ಬು ಗಂಟಿಕ್ಕಿತು. ತರುಣ ಬೇಡ ಎಂದ. ಅದೂ ಸರಿಯಾಗಿತ್ತು. ಈ ವಯಸ್ಸಿಗೆ ಎಂಥ ತೂಕದ ಮಾತು ಎಂದು ಊರು ಹೊಗಳಿತು. ವಕೀಲರಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು. ತಮ್ಮ ಮುಖ ಇಷ್ಟೆಲ್ಲ ಮಾತನಾಡುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಮುಖ ನಮಗೆ ಕಾಣುವುದಿಲ್ಲವಲ್ಲ. ಊರಿನವರು ಮಾತ್ರ ಚುರುಕು. ಅಹವಾಲು ಇದ್ದವರು ಅಧ್ಯಕ್ಷನಾಗಿ ಕೂತ ತರುಣನ ಎದುರು ಕೂರುವುದನ್ನು ಬಿಟ್ಟು, ವಕೀಲರ ಮುಖ ಚೆನ್ನಾಗಿ ಕಾಣುವ ಕಡೆ ಕೂರತೊಡಗಿದರು.

ಹೀಗಿರುವಾಗ ಕುಂಬಾರಗೇರಿಯಿಂದ ಒಬ್ಬ ಹೆಂಗಸು ಬಂದಳು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಅಂಗಳದಿಂದ ಮಡಕೆಯ ಮಣ್ಣು ತೆಗೆಯುವುದು ಅವರ ವಾಡಿಕೆ. ಗುಂಡಿ ತೋಡಿದರೆ ಕೆರೆಯ ಏರಿ ಸಡಿಲವಾಗುತ್ತದೆ ಎಂದು ಆ ವರ್ಷ ಯಾರೋ ತಕರಾರು ಎತ್ತಿದ್ದರು.

“ಏರಿ ಕಡೆ ನಾವು ತಲೆ ಹಾಕಿ ಮಲಗಿದವರೂ ಅಲ್ಲ ಸ್ವಾಮಿ, ನಾವು ತೋಡೋದು ನಡುಗೆರೇಲಿ. ಮಳೆ ಬೀಳೋದರೊಳಗೆ ಮಣ್ಣು ಸಿಗದಿದ್ದರೆ ಈ ವರ್ಷ ನಮ್ಮ ತಿಗರಿ ತಿರುಗೋದಿಲ್ಲ. ತಿಗರಿ ತಿರುಗದಿದ್ದರೆ ನಾವು ಈ ಊರಲ್ಲಿದ್ದು ಏನು ಮಾಡೋಣ?” ಎಂದು ಆಕೆ ಕೇಳಿದಳು.

ತರುಣ ಹಿಂದಿನ ದಿನವೇ ಕೆರೆಗೆ ಹೋಗಿ ಬಂದಿದ್ದ. ಹಿಂದಿನ ವರ್ಷ ತೋಡಿದ ಗುಂಡಿಗಳು ಏರಿಯಿಂದ ಬಹಳ ದೂರ ಇದ್ದುದನ್ನು ಕಣ್ಣಾರೆ ಕಂಡಿದ್ದ. ಕೊಡಬೇಕು ಎಂದು ಅವನ ಮನಸ್ಸು ಹೇಳುತ್ತಿತ್ತು.

ತೀರ್ಮಾನಕ್ಕೆ ಮುಂಚೆ ಹಿರಿಯರಿಗೆ ಎಲೆ ಅಡಿಕೆ ಕೊಡುವುದು ಆ ಊರಿನ ಪದ್ಧತಿ. ತಟ್ಟೆ ಬಂತು. ಬಾಯಿ ಬಿಡುವಂತಿಲ್ಲವಾದ್ದರಿಂದ ವಕೀಲರು ಎಲೆಯನ್ನಾದರೂ ಹಾಕಿಕೊಳ್ಳೋಣವೆಂದು ಒಂದನ್ನು ಮಡಿಚಿ ಬಾಯಿಗಿಟ್ಟರು. ಸುಣ್ಣ ಹೆಚ್ಚಾಗಿತ್ತು. ನಾಲಿಗೆ ಸುಟ್ಟುಹೋಯಿತು. ಸಭೆಯ ನಡುವೆ ಉಗುಳುವುದು ಹೇಗೆ? ಮುಖ ಕಿವುಚಿದರು, ಕಣ್ಣಲ್ಲಿ ನೀರು ಬಂತು, ತಡೆಯಲಾರದೆ ತಲೆ ಕೊಡವಿದರು.

ಸರಿಯಾಗಿ ಆಗಲೇ ತರುಣ ಅವರತ್ತ ನೋಡಿದ. ಇಷ್ಟು ಜೋರಾಗಿ ಅವರು ಎಂದೂ ಬೇಡ ಎಂದಿರಲಿಲ್ಲ. ತನಗೆ ತಿಳಿಯದ ಕಾನೂನಿನ ತೊಡಕು ಏನೋ ಇರಬೇಕು ಎಂದುಕೊಂಡ. ಮನಸ್ಸಿಗೆ ಬಂದಿದ್ದ ಮಾತನ್ನು ನುಂಗಿಕೊಂಡು, ಈ ವರ್ಷ ಬೇಡ ಎಂದುಬಿಟ್ಟ.

ವಕೀಲರಿಗೆ ಆಶ್ಚರ್ಯವಾಯಿತು. ತಾವಾಗಿದ್ದರೆ ಕೊಡುತ್ತಿದ್ದರು. ಆದರೆ ಇವನು ಕೆರೆಗೆ ಹೋಗಿ ಬಂದವನು, ನಮಗೆ ಕಾಣದ್ದು ಏನನ್ನೋ ಕಂಡಿರಬೇಕು ಎಂದುಕೊಂಡರು. ಶಿಷ್ಯ ಕೊನೆಗೂ ತಮ್ಮನ್ನು ಮೀರಿ ಯೋಚಿಸಿದನಲ್ಲ ಎಂದು ಉರಿಯುವ ನಾಲಿಗೆಯಲ್ಲೂ ಖುಷಿಪಟ್ಟರು. ಆ ಹೆಂಗಸು ಇವನ ಮುಖ ನೋಡಿದಳು, ಅವರ ಮುಖ ನೋಡಿದಳು. ಏನೂ ಅರ್ಥವಾಗದೆ ಎದ್ದು ಹೋದಳು.

ಮುಂದಿನ ಸಭೆ ಸೇರುವುದರೊಳಗೆ ಮಳೆ ಬಂತು. ಕೆರೆ ತುಂಬಿತು, ಮಣ್ಣು ನೀರಿನಡಿ ಸೇರಿತು. ಕುಂಬಾರಗೇರಿಯವರು ತಿಗರಿಗಳನ್ನು ಗಾಡಿಗೆ ಹೇರಿಕೊಂಡು ಬೇರೆ ಊರಿಗೆ ಹೋದರು. ಆಗ ವಕೀಲರಿಗೆ ಸುಮ್ಮನಿರಲಾಗಲಿಲ್ಲ. ಸಭೆಯಲ್ಲಿ ತಾನೇ ಮಾತಾಡಬಾರದು, ಮನೆಯಲ್ಲಿ ಕೇಳಬಹುದಲ್ಲ ಎಂದು ತರುಣನನ್ನು ಕರೆಸಿದರು.

“ಕೆರೆಯಲ್ಲಿ ಅಂಥದ್ದೇನು ಕಂಡೆಯಪ್ಪ, ಬೇಡ ಅನ್ನೋದಕ್ಕೆ?”

“ನಾನೇನೂ ಕಾಣಲಿಲ್ಲ ಸಾರ್. ನೀವೇ ತಲೆ ಆಡಿಸಿದಿರಲ್ಲ?”

ವಕೀಲರು ನೆನಪು ಮಾಡಿಕೊಂಡರು. ಎಲೆಯ ಸಂಗತಿ ಹೇಳುವಾಗ ಅವರಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಇಬ್ಬರೂ ಅಂದೇ ಹೊರಟು ಕುಂಬಾರರು ಹೋದ ಊರನ್ನು ಹುಡುಕಿಕೊಂಡು ಹೋದರು. ತಪ್ಪಾಯಿತು, ವಾಪಸು ಬನ್ನಿ, ಮುಂದಿನ ಬೇಸಿಗೆಗೆ ಮಣ್ಣು ಕೊಡುತ್ತೇವೆ ಎಂದು ಕೇಳಿಕೊಂಡರು. ಆ ಹೆಂಗಸು ಸಿಟ್ಟಾಗಲಿಲ್ಲ. ಕೂರುವುದಕ್ಕೆ ಚಾಪೆ ಹಾಕಿದಳು, ನೀರು ಕೊಟ್ಟಳು.

“ಬರೋಣ. ಅವತ್ತು ಬೇಡ ಅಂದವರು ಯಾರು ಅಂತ ಮೊದಲು ಹೇಳಿ. ಮುಂದಿನ ಬೇಸಿಗೇಲಿ ನಾನು ಯಾರನ್ನ ಕೇಳಬೇಕು ಅಂತ ನನಗೆ ತಿಳೀಬೇಕಲ್ಲ?” ಎಂದಳು.

ತರುಣ ವಕೀಲರ ಕಡೆ ನೋಡಿದ. ವಕೀಲರು ತರುಣನ ಕಡೆ ನೋಡಿದರು. ಹೇಳಿದವನು ತರುಣ, ಆದರೆ ಅದು ಅವನ ಮನಸ್ಸಲ್ಲ. ತಲೆ ಆಡಿಸಿದವರು ವಕೀಲರು, ಅದು ಅವರ ಮನಸ್ಸೂ ಅಲ್ಲ. ಆಕೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ತನ್ನ ಕೆಲಸಕ್ಕೆ ಎದ್ದು ಹೋದಳು. ಕುಂಬಾರರು ಆ ಊರಿಗೆ ಮರಳಿ ಬರಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಹಾಗಾದರೆ ವಕೀಲರು ಮುಂದಿನ ಸಾಲಿನಲ್ಲಿ ಕೂತದ್ದೇ ತಪ್ಪಲ್ಲವೇ ಎಂದು ಮರುಳಸಿದ್ಧ ಕೇಳಿದ. ಆ ಊರಿನವರೂ ಹಾಗೇ ತಿಳಿದರು ಎಂದರು ಗುರುಗಳು. ಮೊದಲು ಎಲೆ ಅಡಿಕೆ ನಿಲ್ಲಿಸಿದರು. ಆಮೇಲೆ ತಿದ್ದಿದವರೆಲ್ಲ ಹಿಂದಿನ ಸಾಲಿನಲ್ಲಿ ಕೂರಬೇಕೆಂದು ನಿಯಮ ತಿದ್ದಿದರು. ಅಲ್ಲಿಂದ ತರುಣರು ಕತ್ತು ಉದ್ದ ಮಾಡಿ ಹಿಂದಿನ ಸಾಲನ್ನು ನೋಡುವುದು ಕಲಿತರು.

ಮರುಳಸಿದ್ಧನಿಗೆ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲವಾಯಿತು. ಹೋದರೆ ಸೌಭಾಗ್ಯ ತನ್ನ ಮುಖ ನೋಡುತ್ತಾಳೆ. ಹೋಗದಿದ್ದರೆ ಕೇರಿಯಲ್ಲಿ ಇನ್ಯಾರದೋ ಮುಖ ಹುಡುಕುತ್ತಾಳೆ. ಹೋದರೂ ಕಷ್ಟ, ಬಿಟ್ಟರೂ ಕಷ್ಟ. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಅವನಿಗೆ ಬೇಸರವಾಯಿತು.

“ಕೊನೆಯ ಮಾತು ಗುರುಗಳೇ. ನಾಳೆ ನಾನು ಸಭೆಗೆ ಹೋಗಲೋ ಬೇಡವೋ?” ಎಂದು ಕೇಳಿ ಅವರನ್ನೇ ನೋಡುತ್ತ ಕೂತ.

ಗುರುಗಳು ಚಾಚಿದ್ದ ಕಾಲನ್ನು ಮಡಿಸಲು ಹೋದರು. ಅವರ ಹುಬ್ಬು ಗಂಟಿಕ್ಕಿತು, ತಲೆ ಅತ್ತಿಂದಿತ್ತ ಆಡಿತು.

ಮರುಳಸಿದ್ಧನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. “ಆಯಿತು ಗುರುಗಳೇ, ಹೋಗುವುದಿಲ್ಲ” ಎಂದು ಕೈಮುಗಿದು ಎದ್ದ.

“ಅದು ಮೊಣಕಾಲು ನೋವು, ಮರುಳಸಿದ್ಧ” ಎಂದರು ಗುರುಗಳು.