ಪಾತಲಿಂಗನ ಫೆಲೋಶಿಪ್ಪು

ಮಧುಗಿರಿ ಕಡೆ ಒಬ್ಬ ಪೆದ್ದ ಇದ್ದ ಅಂದ್ರೆ, ಯಾವ ಪೆದ್ದ ಅಂತ ನೀವು ಕೇಳ್ತೀರಿ. ಕೇಳಬೇಕಾದ್ದೇ ಬಿಡಿ, ನಾನೂ ಆ ಕಡೆಯವನೇ. ಇವನು ಬಿ.ಎ. ಪಾಸಾದ ಪೆದ್ದ, ಹೆಸರು ಪಾತಲಿಂಗ. ಪುಸ್ತಕದಲ್ಲಿ ಇದ್ದದ್ದನ್ನ ಇದ್ದ ಹಾಗೇ, ಅಚ್ಚಿನ ತಪ್ಪೂ ಸೇರಿಸಿ ಬರೀತಿದ್ದ. ಮಾರ್ಕ್ಸು ಸುರಿದವು.

ಅವರಮ್ಮ ಓಬಳಮ್ಮ ಸಂತೇಲಿ ಕಡ್ಲೆಪುರಿ ಮಾರೋಳು. ಮಗನಿಗೆ ಎಂ.ಎ. ಸೀಟೇನೋ ಸಿಕ್ಕಿತ್ತು, ಓದಿಸೋಕೆ ಕೈಲಿ ಕಾಸಿರಲಿಲ್ಲ. ಫೆಲೋಶಿಪ್ ಅಂತ ಒಂದಿರುತ್ತೆ, ಫೀಸು, ಹಾಸ್ಟೆಲ್ಲು, ಕೈಖರ್ಚು ಎಲ್ಲಾ ಅವರೇ ನೋಡ್ಕೋತಾರೆ ಅಂತ ಯಾರೋ ಹೇಳಿದ್ರು. ಅದು ಸಿಕ್ಕರೆ ಓದು, ಇಲ್ಲದಿದ್ರೆ ಸೋದರಮಾವನ ಇಟ್ಟಿಗೆ ಗೂಡು. ಮಗ ಇಟ್ಟಿಗೆ ಹೊರೋದನ್ನ ನೆನೆಸಿಕೊಂಡ್ರೆ ಅವಳಿಗೆ ಕರುಳು ಕಿತ್ತು ಬರೋದು.

“ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ. ನಾಚ್ಕೋಬೇಡ, ಕಂಡೋರನ್ನೆಲ್ಲ ಕೇಳು,” ಅಂದ್ಲು.

ಸರಿ, ಕಂಡೋರನ್ನೆಲ್ಲ ಕೇಳಿದ. ಬಸ್ ಕಂಡಕ್ಟರನ್ನ ಕೇಳಿದ. ಕ್ಷೌರದಂಗಡೀಲಿ ಮುಖಕ್ಕೆ ನೊರೆ ಹಚ್ಕೊಂಡು ಕೂತೋನನ್ನ ಕೇಳಿದ. ಎದುರಿಗೆ ಹೆಣ ಬಂತು. ಚಟ್ಟ ಹೊತ್ತೋರನ್ನ ನಿಲ್ಲಿಸಿ, ನಿಮ್ಮಲ್ಲಿ ಫೆಲೋಶಿಪ್ ಇದೆಯಾ ಅಂತ ಕೇಳಿದ. ಅವರು ಚಟ್ಟ ಕೆಳಗಿಟ್ಟು ಹೊಡೆದ್ರು. ಸುಸ್ತಾಗಿದ್ರೋ ಏನೋ, ಜಾಸ್ತಿ ಹೊಡೀಲಿಲ್ಲ.

ಓಬಳಮ್ಮ ಹಣೆ ಚಚ್ಚಿಕೊಂಡ್ಲು. ಊರೋರನ್ನೆಲ್ಲ ಯಾಕೆ ಕೇಳ್ದೆ, ತಿಳಿದೋರು ಒಬ್ಬರನ್ನ ಹಿಡ್ಕೋ, ಕೆಲಸ ಆಗೋವರೆಗೂ ಬಿಡಬೇಡ ಅಂದ್ಲು.

ತಿಳಿದೋರು ಅಂದ್ರೆ ಕಾಲೇಜಿನ ರೇಣುಕಯ್ಯ ಮೇಷ್ಟ್ರು. ಪಾತಲಿಂಗ ಅವರ ಅಂಗಿ ತೋಳು ಹಿಡ್ಕೊಂಡ. ಮೇಷ್ಟ್ರು ಪಾಠಕ್ಕೆ ಹೋದ್ರೆ ಪಾಠಕ್ಕೆ, ತರಕಾರಿಗೆ ಹೋದ್ರೆ ತರಕಾರಿಗೆ. ಮನೆಗೂ ಹೋದ. ಅವತ್ತು ಅವರ ಮನೇಲಿ ಹಬ್ಬ. ಮೇಷ್ಟ್ರ ಹೆಂಡತಿ ಎಲೆ ಹಾಕಿ ಒಬ್ಬಟ್ಟು ಬಡಿಸಿದ್ರು. ಇನ್ನೊಂದು ಹಾಕ್ಲಾ ಅಂದ್ರೆ ಹಾಕಿ ಅಂದ, ಮತ್ತೊಂದು ಅಂದ್ರೆ ಮತ್ತೊಂದೂ ಹಾಕಿ ಅಂದ. ಒಂದು ಕೈಲಿ ಒಬ್ಬಟ್ಟು, ಇನ್ನೊಂದು ಕೈಲಿ ಮೇಷ್ಟ್ರ ತೋಳು. ಮನೆಯೋರಿಗೆ ಒಬ್ಬಟ್ಟೇ ಉಳೀಲಿಲ್ಲ. ಮೇಷ್ಟ್ರು ಕೈ ಬಿಡಿಸಿಕೊಂಡ್ರೆ ಸಾಕಪ್ಪಾ ಅಂತ ತುಮಕೂರಿನ ಒಂದು ಟ್ರಸ್ಟಿನೋರಿಗೆ ಫೋನು ಮಾಡಿ, ಇಂಥ ಹುಡುಗ ಬರ್ತಾನೆ, ಮಾರ್ಕ್ಸು ಚೆನ್ನಾಗಿದೆ ಅಂತ ಹೇಳಿಬಿಟ್ರು.

ಕೆಲಸ ಆಯ್ತಲ್ಲ ಅಂತ ಓಬಳಮ್ಮ ಹಿಗ್ಗಿದ್ಲು. ಒಬ್ಬಟ್ಟಿನ ಸಮಾಚಾರ ಕೇಳಿದ ಮೇಲೆ ನಾಚಿಕೆಯಿಂದ ಕುಗ್ಗಿದ್ಲು.

“ಮಾನವಂತರು ಯಾರೇ ಏನೇ ಕೊಟ್ರೂ ಮೊದಲು ಬೇಡ ಅನ್ನಬೇಕು ಕಣೋ. ಅವರು ಬಲವಂತ ಮಾಡ್ತಾರೆ. ಆಮೇಲೆ ತಗೋಬೇಕು.”

ಪಾತಲಿಂಗ ತುಮಕೂರಿಗೆ ಹೋದ. ಟ್ರಸ್ಟಿನ ಹಿರಿಯರು ಮಾರ್ಕ್ಸ್ ಕಾರ್ಡು ನೋಡಿ ತಲೆದೂಗಿದ್ರು. ಅಧ್ಯಕ್ಷರು, ನಿನ್ನ ಓದು ಮುಗಿಯೋವರೆಗೂ ಎಲ್ಲಾ ಖರ್ಚು ನಮ್ಮದು, ತಗೋಳಪ್ಪ ಅಂದ್ರು.

“ಬೇಡ ಸಾರ್,” ಅಂದ ಪಾತಲಿಂಗ.

ಅವರು ಮುಖ ಮುಖ ನೋಡಿಕೊಂಡ್ರು. ಯಾಕಪ್ಪಾ, ಸಂಕೋಚವಾ ಅಂತ ಕೇಳಿದ್ರು.

“ಸಂಕೋಚ ಏನಿಲ್ಲ ಸಾರ್. ಈಗ ತಾನೆ ಮನೇಲಿ ಆಯ್ತು. ಬೇರೆಯೋರಿಗೆ ಕೊಡಿ.”

ಅಧ್ಯಕ್ಷರಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಬೇಡ ಅಂದೋನನ್ನ ಅವರು ಕಂಡಿರಲಿಲ್ಲ. ಇವನ ಮಾತಿನಂತೆ ಹೊರಗೆ ಕಾಯ್ತಿದ್ದ ಹುಡುಗಿಯನ್ನ ಕರೆದು ಆ ಫೆಲೋಶಿಪ್ ಅವಳಿಗೆ ಕೊಟ್ರು. ಇಂಥ ತ್ಯಾಗಿಗೆ ಸನ್ಮಾನ ಮಾಡಬೇಕು ಅಂತ ಒಂದು ಶಾಲು ತರಿಸಿದ್ರು. ಬೇಡ ಅಂದ. ಅಧ್ಯಕ್ಷರು ಬಿಡಲಿಲ್ಲ, ನನ್ನಾಣೆ, ತಗೋಬೇಕು ಅಂತ ಹೊದಿಸಿಯೇಬಿಟ್ರು.

ಮಗ ಶಾಲು ಹೊದ್ದು ಬರೋದನ್ನ ಕಂಡು ಓಬಳಮ್ಮ ಆರತಿ ತಟ್ಟೆ ಹಿಡ್ಕೊಂಡು ಬಾಗಿಲಿಗೆ ಬಂದ್ಲು. ಫೆಲೋಶಿಪ್ ಸಿಕ್ತಾ ಮಗ ಅಂದ್ಲು.

“ಕೊಡೋಕೆ ಬಂದ್ರು ಕಣಮ್ಮ. ಅದಕ್ಕೆ ಬಲವಂತಾನೇ ಮಾಡ್ಲಿಲ್ಲ. ಶಾಲಿಗೆ ಮಾತ್ರ ತುಂಬ ಬಲವಂತ ಮಾಡಿದ್ರು, ತಗೊಂಡೆ,” ಅಂದ ಪಾತಲಿಂಗ.